ಮೀನ, ಮೇಷ, ಮೆಶ್

ಮೂರು ಗಂಟೆ ಐದು ನಿಮಿಷಕ್ಕೆ ಬಿಳಿ ಡಬ್ಬಿಯ ದೀಪ ಮತ್ತೆ ಕೆಂಪಗಾಯಿತು. ಗಿಳಿಗೆ ನಾಲ್ಕಕ್ಕೆ ಪರೀಕ್ಷೆ.

ಗಿಳಿ ಎಂದರೆ ಆ ಮನೆಯ ಸೊಸೆ. ಬಂದ ವಾರದಲ್ಲೇ ಅತ್ತೆಯ ಸೀನನ್ನೂ ಮಾವನ ಆಕಳಿಕೆಯನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿ ಆ ಹೆಸರು ಸಂಪಾದಿಸಿದ್ದಳು. ಗಿಳಿಗೆ ಧ್ವನಿಯದೇ ಗೀಳು. ಈಗ ಒಂದು ಲಿಫ್ಟ್ ಕಂಪನಿಯವರು ತಮ್ಮ ಲಿಫ್ಟುಗಳೊಳಗೆ ಮಾತಾಡಲು ಹೊಸ ಧ್ವನಿ ಹುಡುಕುತ್ತಿದ್ದರು. ಲ್ಯಾಪ್‌ಟಾಪ್ ಮುಂದೆ ಕೂತು, ಆ ಕಡೆ ಮೂವರು ಕೇಳುತ್ತಿರುವಾಗಲೇ ಓದಿ ತೋರಿಸಬೇಕು. ಹೋದ ತಿಂಗಳು ಒಮ್ಮೆ ಓದಿದ್ದಳು. ‘ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ’ ಎನ್ನುವಷ್ಟರಲ್ಲಿ ವೈಫೈ ಕತ್ತರಿ ಆಡಿಸಿ, ಅವರಿಗೆ ‘ದಯವಿಟ್ಟು ಬಾಗಿ’ ಅಂತಷ್ಟೇ ಕೇಳಿಸಿತ್ತು. ಅವರು ಬಾಗಲಿಲ್ಲ, ಆದರೆ ಕನಿಕರಪಟ್ಟು ಇನ್ನೊಂದು ಅವಕಾಶ ಕೊಟ್ಟರು. ಈ ಸಲವೂ ಕಡಿದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದೂ ಬರೆದಿದ್ದರು.

ಮನೆಯೋ ರೈಲುಬೋಗಿಯ ಹಾಗೆ ಉದ್ದಕ್ಕೆ ಇತ್ತು. ರಸ್ತೆ ಕಡೆಯ ಕೋಣೆಯಲ್ಲಿ ಇಂಟರ್ನೆಟ್ಟಿನ ಹಳೇ ರೂಟರ್, ಅದರೆದುರಿಗೇ ಕಬ್ಬಿಣ ಕೊಯ್ಯುವ ಅಂಗಡಿ. ಅಲ್ಲಿ ಕೂತರೆ ಗಿಳಿಗಿಂತ ಮೊದಲು ಗರಗಸ ಪಾಸಾಗುತ್ತಿತ್ತು. ಸದ್ದಿಲ್ಲದ್ದು ಕಟ್ಟಕಡೆಯ ಕೋಣೆ ಒಂದೇ. ಅಲ್ಲಿ ಸದ್ದಿನ ಜೊತೆ ಸಿಗ್ನಲ್ಲೂ ಇರಲಿಲ್ಲ. ಅದಕ್ಕೇ ಮೆಶ್ ತರಿಸಿದ್ದು: ಎರಡು ಬಿಳಿ ಡಬ್ಬಿ. ಒಂದನ್ನು ಹಳೇ ರೂಟರಿಗೆ ತಂತಿಯಲ್ಲಿ ಸೇರಿಸುವುದು, ಅದು ಎರಡನೆಯದಕ್ಕೆ ಗಾಳಿಯಲ್ಲೇ ಸುದ್ದಿ ದಾಟಿಸುವುದು.

ಕೆಲಸವನ್ನು ಮಾವ ವಹಿಸಿಕೊಂಡಿದ್ದರು. ಮೂವತ್ತು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದ ಅವರಿಗೆ, ದೀಪವಿರುವ ಡಬ್ಬಿಯೆಲ್ಲ ತಮ್ಮ ಇಲಾಖೆಗೇ ಸೇರಿದ್ದು. ಮೆಶ್ ಅನ್ನುವುದು ಅವರ ಬಾಯಲ್ಲಿ ಮೇಷವಾಗಿತ್ತು. ಮೀನ ಮೇಷ ಎಣಿಸಬೇಡಿ, ಬೇಗ ಹಾಕಿ ಎಂದು ಅತ್ತೆ ಬೆಳಿಗ್ಗೆಯೇ ತಿವಿದಿದ್ದರು. ಮೀನ ಆಯಿತು, ಈಗ ಮೇಷದಲ್ಲಿದ್ದೇನೆ ಎಂದು ಮಾವ ಉತ್ತರ ಕೊಟ್ಟಿದ್ದರು.

ಹಾಗೆ ನೋಡಿದರೆ ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಫೋನಿನಲ್ಲಿ ನೋಡಿನೋಡಿ ಮೊದಲ ಡಬ್ಬಿ ಜೋಡಿಸಿದರು. ಹಳೇ ರೂಟರಿನ ವೈಫೈ ಆರಿಸಿ, ಅದರ ಹೆಸರನ್ನೇ ಹೊಸದಕ್ಕೆ ಇಟ್ಟರು. ಎರಡನೆಯದನ್ನು ಎಲ್ಲಿಡಬೇಕೆಂದು ಡಬ್ಬಿ ಮಾರಿದ ಅಂಗಡಿಯವನಿಗೆ ಫೋನ್ ಮಾಡಿ ಕೇಳಿ, ಅವನು ಹೇಳಿದ ಕೋಣೆಯಲ್ಲೇ ಇಟ್ಟರು. ಗಿಳಿಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಗೆರೆಗಳೇನೋ ಪೂರ್ತಿ ಬಂದವು, ಇಂಟರ್ನೆಟ್ ಮಾತ್ರ ಬರಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು.

ಮಾವ ಡಬ್ಬಿಯನ್ನು ಆರಿಸಿ ಹಚ್ಚಿದರು. ಸ್ಟೂಲಿನ ಮೇಲಿಟ್ಟರು, ಬೀರುವಿನ ಮೇಲಿಟ್ಟರು, ಮುಖ ತಿರುಗಿಸಿ ಇಟ್ಟರು. ಅದು ಸಿಟ್ಟು ಬಂದವರ ಕಣ್ಣಿನ ಹಾಗೆ ಕೆಂಪಗೇ ಇತ್ತು. ಗಿಳಿ ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ, ಬಾಗಿಲಿಂದ ಮಂಚಕ್ಕೆ ಏಳು ಹೆಜ್ಜೆ ಹಾಕುತ್ತ ‘ಮೂರನೇ ಮಹಡಿ, ನಾಲ್ಕನೇ ಮಹಡಿ’ ಎಂದು ಗೊಣಗುತ್ತಿದ್ದಳು. ಗಂಟಲು ಒಣಗಿತು, ನೀರು ಕುಡಿದಳು. ಕುಡಿದದ್ದಕ್ಕೆ ಪರೀಕ್ಷೆಯ ನಡುವೆ ಎದ್ದು ಹೋಗಬೇಕಾದೀತೆಂಬ ಇನ್ನೊಂದು ದಿಗಿಲು ಹಿಡಿಯಿತು. ಡಬ್ಬಿ ಬಿಸಿಯಾಗಿರಬೇಕು, ಸ್ವಲ್ಪ ಬೀಸೋಣವೇ ಎಂದು ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು.

ಮೂರೂ ನಲವತ್ತಕ್ಕೆ ಮಾವ ಮತ್ತೆ ಅಂಗಡಿಯವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಡಬ್ಬಿ ಎಲ್ಲಿದೆ ಎಂದು ಅವನು ಕೇಳಿದ.

“ನೀವು ಹೇಳಿದ ಕಡೆನೇ. ನಡುಕೋಣೆ.”

“ನಡುಕೋಣೆ ದಾಟಿದ್ಮೇಲೆ ಇನ್ನೆಷ್ಟು ಕೋಣೆ ಇದೆ ಸಾರ್?”

“ನಡುಕೋಣೆ ದಾಟಿದ್ಮೇಲೆ ಗೋಡೆ ಇದೆ,” ಎಂದರು ಮಾವ, ಇದೆಂಥ ಪ್ರಶ್ನೆ ಎಂಬ ದನಿಯಲ್ಲಿ.

ಗಿಳಿಯ ಹೆಜ್ಜೆ ನಿಂತಿತು.

ಆ ಕೋಣೆಯ ಹಿಂದೆ ಒಂದು ಕಾಲಕ್ಕೆ ಇನ್ನೂ ಎರಡು ಕೋಣೆ ಇದ್ದವಂತೆ. ಹಿಂಬದಿಯ ಕಾಲುವೆ ಅಗಲವಾದಾಗ ಅವು ಹೋದವು, ಹೆಸರು ಹೋಗಲಿಲ್ಲ. ಮನೆಯ ನಡು ಜಾರಿ ಬಾಲಕ್ಕೆ ಬಂದಿತ್ತು, ಯಾರೂ ಮೇಲಕ್ಕೆ ಎಳೆದುಕೊಂಡಿರಲಿಲ್ಲ. ಗಿಳಿಯೂ ನಾಲ್ಕು ವರ್ಷದಿಂದ ಅದನ್ನೇ ಒಪ್ಪಿಸಿಕೊಂಡು ಬಂದಿದ್ದಳು.

ನಿಜವಾದ ನಡು ಎಂದರೆ ಅಡುಗೆಮನೆಯ ಪಕ್ಕದ ಓಣಿ. ಗಿಳಿ ಡಬ್ಬಿಯನ್ನು ಕಿತ್ತುಕೊಂಡು ಅಲ್ಲಿಗೆ ಓಡಿದಳು. ಮಾವ ಹಿಂದೆಯೇ ಬಂದರು, ತಕರಾರಿನ ಸಮೇತ. ಸಿಗ್ನಲ್ ಬೇಕಾದದ್ದು ಅಲ್ಲಿ, ಡಬ್ಬಿ ಇಡುವುದು ಇಲ್ಲಿ. ಇದು ಒಬ್ಬರಿಗೆ ಹಸಿವಾದರೆ ಇನ್ನೊಬ್ಬರಿಗೆ ಬಡಿಸಿದ ಹಾಗಾಗಲಿಲ್ಲವೇ ಎಂದರು.

“ಮಾವ, ತನಗೇ ಕೇಳಿಸದ್ದನ್ನ ಗಿಳಿ ಹೇಗೆ ಒಪ್ಪಿಸುತ್ತೆ?”

ಮಾವ ಡಬ್ಬಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ತಕರಾರು ವಾಪಸ್ ತೆಗೆದುಕೊಂಡರು. ಓಣಿಯಲ್ಲಿದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ಫ್ರಿಜ್ಜು. ಇವರಿಬ್ಬರೂ ಅದನ್ನು ಕಾಣುವ ಮೊದಲೇ ಅತ್ತೆ ಫ್ರಿಜ್ಜಿನ ವಯರು ಎಳೆದು ಕೈಯಲ್ಲಿ ಹಿಡಿದು ನಿಂತಿದ್ದರು. ದೀಪ ನೀಲಿಯಾಗಿ ಮಿಟುಕಿತು. ಮಿಟುಕುತ್ತಲೇ ಇತ್ತು. ನಾಲ್ಕಕ್ಕೆ ಇನ್ನು ಮೂರು ನಿಮಿಷ ಇರುವಾಗ ಬೆಳ್ಳಗಾಯಿತು, ಇಂಟರ್ನೆಟ್ ಬಂತು.

ಗಿಳಿ ಬಾಗಿಲು ಹಾಕಿಕೊಂಡು ಓದಿದಳು. ಈ ಸಲ ‘ಬಾಗಿಲು’ ಅವರಿಗೆ ಪೂರ್ತಿ ಬಾಗಿಲಾಗಿಯೇ ತಲುಪಿತು, ಮಹಡಿಗಳು ಒಂದೂ ಉದುರಲಿಲ್ಲ. ಕೊನೆಯ ಸಾಲು ಲಿಫ್ಟ್ ಕೆಟ್ಟು ನಿಂತಾಗ ಹೇಳುವುದು: ‘ಗಾಬರಿಯಾಗಬೇಡಿ. ಸಹಾಯ ಬರುತ್ತಿದೆ.’ ಅದನ್ನು ಮುಗಿಸಿ ಕತ್ತೆತ್ತಿದರೆ ಪರದೆಯ ಮೇಲೆ ಮೂರು ಮುಖ ಕಲ್ಲಾಗಿದ್ದವು. ರೆಪ್ಪೆ ಆಡಲಿಲ್ಲ, ಸದ್ದು ಬರಲಿಲ್ಲ. ಐದರವರೆಗೆ ಎಣಿಸಿದಳು. ಆಮೇಲೆ ತಡೆಯಲಾಗಲಿಲ್ಲ, ಕುರ್ಚಿ ದೂಡಿ ಓಣಿಗೆ ಓಡಿದಳು. ಅತ್ತೆ, ಮಾವ ಡಬ್ಬಿಯ ಎರಡೂ ಕಡೆ ಉಸಿರು ಬಿಗಿಹಿಡಿದು ಕಾವಲಿದ್ದರು. ದೀಪ ಬೆಳ್ಳಗೇ ಇತ್ತು. ಏನಾಯ್ತೆಂದು ಮಾವ ಹುಬ್ಬಿನಲ್ಲೇ ಕೇಳಿದರು. ಅವಳು ವಾಪಸ್ ಓಡಿದಳು.

ಮೂವರಲ್ಲಿ ಹಿರಿಯಾಕೆ ಪೆನ್ನು ಕೆಳಗಿಟ್ಟು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು.

“ಲೈನ್ ಹೋಯ್ತು ಅಂದುಕೊಂಡೆ ಮೇಡಂ,” ಎಂದಳು ಗಿಳಿ ಏದುತ್ತ.

“ಲೈನ್ ಇಲ್ಲೇ ಇತ್ತು, ನಾವು ಬರೀ ಯೋಚಿಸ್ತಿದ್ವಿ. ನೀವೇ ಹೋಗಿದ್ರಿ. ಆ ಕೊನೇ ಸಾಲು ಇನ್ನೊಂದು ಸಲ ಹೇಳಿ.”

ಹೇಳಿದಳು. ಇನ್ನೊಂದು ಸಲ ಎಂದರು. ಕೆಲಸ ಕೈತಪ್ಪಿತೆಂದೇ ಅನಿಸಿತು. ಅಭ್ಯಾಸ ಮಾಡಿದ ಏರಿಳಿತವೆಲ್ಲ ಮರೆತುಹೋಯಿತು. ಪರದೆಯಿಂದ ಕಣ್ಣು ತೆಗೆದು, ಮೆಲ್ಲಗೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಹೇಳಿದಳು: ಗಾಬರಿಯಾಗಬೇಡಿ. ಸಹಾಯ ಬರುತ್ತಿದೆ.

ಹಿರಿಯಾಕೆ ಅಕ್ಕಪಕ್ಕದವರ ಮುಖ ನೋಡಿದರು.

“ಮೊದಲು ಓದಿದ್ರಿ. ಈಗ ಹೇಳಿದ್ರಿ. ಸೋಮವಾರ ಸ್ಟುಡಿಯೋಗೆ ಬನ್ನಿ.”

‘ಸರಿ ಮೇಡಂ’ ಎನ್ನಹೋದ ಗಿಳಿಗೆ ‘ಸ’ ಮಾತ್ರ ಬಂತು. ಈ ಸಲ ಕಡಿದದ್ದು ವೈಫೈ ಅಲ್ಲ.