ಸೊಟ್ಟ ಎಲೆಯ ಬಳ್ಳಿ

"ತಡಿಯೇ ಗುಬ್ಬಿ, ಒತ್ತಬೇಡ."

ಗುಬ್ಬಿಯ ಬೆರಳು ಕೀಲಿಯ ಮೇಲೆ ಗಾಳಿಯಲ್ಲೇ ನಿಂತಿತು. ಕಪ್ಪು ಪರದೆಯ ಮೇಲೆ ಅವಳು ಆಗತಾನೇ ಬರೆದ ಒಂದು ಸಾಲು ಇತ್ತು. ಅದರ ತುದಿಯಲ್ಲಿ ಬಿಳಿ ಚೌಕವೊಂದು ಮಿಟುಕುತ್ತಿತ್ತು. ದೊಡ್ಡಮ್ಮ ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು, ಮೊಣಕಾಲಿಗೆ ಕೈ ಕೊಟ್ಟುಕೊಂಡು ಮೇಜಿನ ಹತ್ತಿರ ಬಂದಳು.

"ಏನು ಬರೆದೆ ಅದರಲ್ಲಿ?"

"ನಿದ್ದೆ ಅಳಿಸು, ಬಾಗಿಲು ತೆಗಿ ಅಂತ. ಒಂದೇ ಸಾಲು ದೊಡ್ಡಮ್ಮ. ದೊಡ್ಡಪ್ಪನ ಕೋಣೆ ತೆರ್ಕೊಳುತ್ತೆ."

"ಅಳಿಸಿದ ನಿದ್ದೆ ಎಲ್ಲಿಗೆ ಹೋಗುತ್ತೆ?"

ಗುಬ್ಬಿ ಬೆರಳನ್ನು ಕೀಲಿಯಿಂದ ಹಿಂದಕ್ಕೆ ತೆಗೆದಳು. ದೊಡ್ಡಮ್ಮನ ತಂಗಿಯ ಮಗಳು ಅವಳು. ಒಂದು ಕಡೆ ಕೂರದ ಹುಡುಗಿ ಅಂತ ಚಿಕ್ಕಂದಿನಲ್ಲಿ ಇಟ್ಟ ಹೆಸರು. ಈಗ ಬೀದಿಯ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ದಿನವೆಲ್ಲ ಒಂದೇ ಸ್ಟೂಲಿಗೆ ಅಂಟಿಕೊಂಡಿರುತ್ತಾಳೆ. ಹೆಸರು ಮಾತ್ರ ಇನ್ನೂ ಹಾರಾಡುತ್ತಿದೆ.

ಈ ಕಂಪ್ಯೂಟರಿನ ಡಿಸ್ಕನ್ನು ಎರಡು ಪಾಲು ಮಾಡಿದವಳೂ ಅವಳೇ. ಹಳೆಯ ವಿಂಡೋಸು ಆಮೆಯಾಗಿದೆ ಅಂತ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಟ್ಟಿದ್ದಳು. ಒಂದೇ ಮನೆ, ಎರಡು ಕೋಣೆ. ದೊಡ್ಡಪ್ಪ ಮಾತ್ರ ಹಳೆಯ ಕೋಣೆ ಬಿಡಲಿಲ್ಲ, ಕಸೂತಿಯ ವಿನ್ಯಾಸ ಬರೆಯುವ ಪ್ರೋಗ್ರಾಮು ಅಲ್ಲಿತ್ತು. ಪರದೆಯ ಮೇಲೆ ಹೂಬಳ್ಳಿ ಬರೆಯುವುದು ಅವರ ಕೆಲಸ. ಅದನ್ನು ಕಸೂತಿ ಮಿಷನ್ನಿಗೆ ಕೊಟ್ಟು, ದಾರ ಪೋಣಿಸಿ, ಬಟ್ಟೆಯ ಮೇಲೆ ತರುವುದು ದೊಡ್ಡಮ್ಮನದು. ಅವರು ಹೋದ ಮೇಲೆ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಈಗ ದೊಡ್ಡಮ್ಮನ ಮಗಳು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬರುವವಳಿದ್ದಾಳೆ. ಮೊಮ್ಮಗುವಿನ ಹೊದಿಕೆಯ ಅಂಚಿಗೆ ಅಂತ ಅವರು ಬರೆಯಲು ಕೂತಿದ್ದ ಬಳ್ಳಿ ಆ ಕೋಣೆಯೊಳಗೇ ಇತ್ತು. ಲಿನಕ್ಸಿನಿಂದ ಎಷ್ಟು ಕದ ತಟ್ಟಿದರೂ ಒಂದೇ ಉತ್ತರ: ಆ ಕಡೆಯದು ಮುಚ್ಚಿಲ್ಲ, ಮಲಗಿದೆ, ತೆರೆಯಲಾರೆ.

"ದೊಡ್ಡಪ್ಪ ಆಫ್ ಮಾಡ್ತಾನೇ ಇರ್ಲಿಲ್ವಾ?"

"ಎಲ್ಲಿ ಮಾಡ್ತಿದ್ರು? ಮನೆಯಿಂದ ಹೊರಡುವಾಗ ಹೋಗ್ತೀನಿ ಅಂದ್ರೆ ಸಿಟ್ಟು ಬರ್ತಿತ್ತಲ್ಲ ಅವರಿಗೆ, ಬರ್ತೀನಿ ಅನ್ನು ಅಂತ ತಿದ್ದೋರು. ಇದಕ್ಕೂ ಅದೇ ನ್ಯಾಯ. ಮಲಗಿಸಿ, ತಲೆ ಸವರಿ, ಬರ್ತೀನಯ್ಯ ಅಂತ ಎದ್ದು ಹೋಗೋರು. ನನಗೆ ಅಷ್ಟು ಉಪಚಾರ ಮಾಡಿದ್ದಿಲ್ಲ ಕಣೇ."

ಗುಬ್ಬಿ ನಕ್ಕಳು. ದೊಡ್ಡಮ್ಮ ನಗಲಿಲ್ಲ. ಅವರು ಹೋದ ದಿನವೂ ಹಾಗೇ ಆಗಿತ್ತು. ಹಸಿರು ದಾರ ಮುಗಿದಿದೆ ಅಂತ ಇವಳೇ ಕೂಗಿ ಹೇಳಿದ್ದಳು. ಅವರು ಯಂತ್ರಕ್ಕೆ ಬರ್ತೀನಿ ಅಂದರು, ಇವಳಿಗೂ ಬರ್ತೀನಿ ಅಂದರು. ದಾರದ ಅಂಗಡಿಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ.

ಗುಬ್ಬಿ ತಾನು ಬರೆದ ಸಾಲನ್ನು ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದಳು. ಕಿವಿ ಕೆಂಪಾಗಿತ್ತು.

"ಅವಸರ ಮಾಡ್ಬಿಡ್ತಿದ್ದೆ. ಇನ್ನೊಂದು ದಾರಿ ಇದೆ. ಏನನ್ನೂ ಮುಟ್ಟದೆ, ಬರೀ ಓದೋದಕ್ಕೆ ಅಂತ ಬಾಗಿಲು ತೆಗಿಸ್ತೀನಿ. ಕಿಟಕಿಯಲ್ಲಿ ಇಣುಕಿದ ಹಾಗೆ."

ಬೇರೊಂದು ಸಾಲು ಬರೆದಳು. ಈ ಸಲ ಬಾಗಿಲು ತಕರಾರಿಲ್ಲದೆ ತೆರೆಯಿತು. ಒಳಗಿದ್ದುದನ್ನೆಲ್ಲ ತನ್ನ ಡಿಸ್ಕಿಗೆ ನಕಲು ಮಾಡಿಕೊಂಡಳು. ಬಳ್ಳಿಯೂ ಸಿಕ್ಕಿತು. ಆದರೆ ತೆರೆದು ನೋಡಿದರೆ ಅದು ಹೊದಿಕೆಯ ಒಂದು ಮೂಲೆಯಿಂದ ಹೊರಟು, ಅಂಚಿನ ಅರ್ಧಕ್ಕೂ ಹೋಗದೆ ನಿಂತುಬಿಟ್ಟಿತ್ತು.

"ಇಷ್ಟೇ ಅಲ್ಲ" ಎಂದಳು ದೊಡ್ಡಮ್ಮ. "ಆವತ್ತು ಬೆಳಗಿನಿಂದ ಕೂತಿದ್ರು. ಕಾಫಿ ಆರಿಹೋಗಿತ್ತು."

"ಸೇವ್ ಮಾಡಿಲ್ಲ ಅಂತ ಕಾಣುತ್ತೆ. ಹಾಗಿದ್ರೆ ಮಿಕ್ಕಿದ್ದು ಆ ನಿದ್ದೆಯೊಳಗೇ ಇರುತ್ತೆ. ಮಲಗೋ ಮುಂಚೆ ತೆರೆದಿಟ್ಟ ಕೆಲಸನೆಲ್ಲ ಗಂಟು ಕಟ್ಕೊಂಡು ಮಲಗುತ್ತೆ ಅದು. ಎಬ್ಬಿಸಬೇಕು." ಗುಬ್ಬಿ ಕಂಪ್ಯೂಟರ್ ಡಬ್ಬದ ಪಕ್ಕಕ್ಕೆ ಕಿವಿ ಕೊಟ್ಟಳು. "ಡಿಸ್ಕು ಕಟಕಟ ಅಂತಿದೆ. ಎಬ್ಬಿಸೋದು ಒಂದೇ ಸಲ ದೊಡ್ಡಮ್ಮ. ಎದ್ರೆ ಎದ್ದಿತು. ನಡುವೆ ಮುಗ್ಗರಿಸಿದ್ರೆ ಗಂಟು ಹೋದ ಹಾಗೆ."

"ಎಬ್ಬಿಸದೆ ಹೀಗೇ ಬಿಟ್ರೆ?"

"ಇರುತ್ತೆ, ಡಿಸ್ಕು ಇರೋವರೆಗೆ."

ದೊಡ್ಡಮ್ಮ ಅವರ ಕುರ್ಚಿಯಲ್ಲಿ ಕೂತಳು. ಕೂತದ್ದು ಅದೇ ಮೊದಲು. ಅವರ ಮೈಭಾರಕ್ಕೆ ತಗ್ಗಾಗಿದ್ದ ಮೆತ್ತೆ ಇವಳಿಗೆ ದೊಡ್ಡದಾಯಿತು. ಬರ್ತೀನಿ ಅಂದವರು ಒಳಗಡೆ ಇನ್ನೂ ಬರುವ ದಾರಿಯಲ್ಲೇ ಇದ್ದಾರೆ ಅನ್ನಿಸಿತು. ಹೊರಗೆ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು.

"ಹೊದಿಕೆ ಮಗುವಿಗಲ್ವಾ" ಎಂದಳು ಕೊನೆಗೆ. "ಎಬ್ಬಿಸು. ಮೆಲ್ಲಗೆ."

ಗುಬ್ಬಿ ಲಿನಕ್ಸನ್ನು ಮುಚ್ಚಿ, ಮತ್ತೆ ಶುರು ಮಾಡಿ, ಹಳೆಯ ಕೋಣೆಯನ್ನು ಆರಿಸಿದಳು. ಪರದೆ ಕಪ್ಪಾಯಿತು. ಡಿಸ್ಕು ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿತು. ಇಬ್ಬರೂ ಜ್ವರದ ಮಗುವಿನ ಪಕ್ಕ ಕೂತವರ ಹಾಗೆ ಕೂತರು.

ಆಮೇಲೆ ಒಮ್ಮೆಲೇ ಬೆಳಕಾಯಿತು. ಅವರು ಬಿಟ್ಟುಹೋದ ಹಾಗೇ ಎಲ್ಲವೂ ಇತ್ತು. ಬಳ್ಳಿ ಅಂಚಿನುದ್ದಕ್ಕೂ ಹಬ್ಬಿ, ತಿರುವು ದಾಟಿ, ಕೊನೆಯ ಮೂಲೆಗೆ ಇನ್ನೊಂದೆರಡು ಎಲೆ ಉಳಿದಿರುವಾಗ ನಿಂತಿತ್ತು.

"ಬಂತು ದೊಡ್ಡಮ್ಮ!" ಗುಬ್ಬಿ ಮೊದಲು ಸೇವ್ ಮಾಡಿದಳು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. "ಆದ್ರೆ ಇಲ್ಲಿಂದ ಮುಂದೆ ಎಲೆಗಳೆಲ್ಲ ಯಾಕೆ ಹೀಗೆ ಎಡಕ್ಕೆ ವಾಲಿವೆ? ದೊಡ್ಡಪ್ಪ ಅಳತೆಪಟ್ಟಿ ನುಂಗಿದವರ ಹಾಗೆ ನೇರಕ್ಕೆ ಬರೀತಿದ್ರು."

ದೊಡ್ಡಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು. ಮಿಷನ್ನು ಬರುವ ಮುಂಚೆ ಇವಳು ಕೈಯಲ್ಲೇ ಕಸೂತಿ ಹಾಕುತ್ತಿದ್ದಳು. ಏನು ಮಾಡಿದರೂ ಇವಳ ಎಲೆ ಎಡಕ್ಕೆ ವಾಲುತ್ತಿತ್ತು. 'ನಿನ್ನ ಗಿಡಕ್ಕೆ ಯಾವಾಗ್ಲೂ ಒಂದೇ ಕಡೆಯಿಂದ ಗಾಳಿ ಬೀಸುತ್ತೆ ಕಣೇ' ಅನ್ನೋರು ಅವರು. 'ನಿಮ್ಮ ಗಿಡಕ್ಕೆ ಗಾಳಿಯೇ ಸೋಕಿಲ್ಲ, ಗೋಡೆಯ ಮೇಲೆ ಬರೆದ ಗಿಡ' ಅನ್ನುತ್ತಿದ್ದಳು ಇವಳು. ಮದುವೆಯಾದಾಗಿನಿಂದ ನಡೆದ ಜಗಳ. ಯಾರೂ ಸೋತಿರಲಿಲ್ಲ. ಬಳ್ಳಿಯ ಮೊದಲ ಎಲೆಗಳು ನೆಟ್ಟಗಿದ್ದವು. ಆವತ್ತು ಬರೆದ ಒಂದೊಂದು ಎಲೆಯೂ ಇವಳ ಕೈಯಿಂದ ಬಂದಂತೆ ಸೊಟ್ಟಗಿತ್ತು.

"ಸರಿ ಮಾಡ್ಲಾ?"

"ಮುಟ್ಟಿದ್ರೆ ನೋಡು!" ಎಂದು ದೊಡ್ಡಮ್ಮ ಅವಳ ಕೈಗೆ ಮೆಲ್ಲಗೆ ಒಂದು ಕೊಟ್ಟಳು.

ವಿನ್ಯಾಸವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಗುಬ್ಬಿ ಕೇಳಿದಳು: "ಈಗ ಇದನ್ನ ಪೂರ್ತಿ ಮುಚ್ಚಿದ್ರೆ ಆ ಕಡೆಯಿಂದ ಬಾಗಿಲು ಸಲೀಸಾಗಿ ತೆರೆಯುತ್ತೆ. ಬೇಡ ಅಂದ್ರೆ ಮತ್ತೆ ಮಲಗಿಸ್ತೀನಿ. ಏನು ಮಾಡ್ಲಿ?"

"ಮುಚ್ಚೋದಕ್ಕೆ ಎಲ್ಲಿ ಒತ್ತಬೇಕು ತೋರಿಸು."

ದೊಡ್ಡಮ್ಮ ಮೌಸಿನ ಮೇಲೆ ಕೈ ಇಟ್ಟಳು. ಇನ್ನೊಂದು ಕೈಯಿಂದ ಪರದೆಯ ತಲೆಯ ಮೇಲಿನ ಧೂಳು ಸವರಿದಳು.

"ಹೋಗಿ ಬನ್ನಿ" ಎಂದಳು.

ಡಿಸ್ಕು ಕಟಕಟ ಅಂದು ಮೆತ್ತಗೆ ನಿಂತಿತು.

ಸಂಜೆ ಕಸೂತಿ ಮಿಷನ್ನು ಹಸಿರು ದಾರ ಎಳೆದುಕೊಂಡು ಹೊದಿಕೆಯ ಅಂಚಿನ ಮೇಲೆ ಓಡಿತು. ನೆಟ್ಟಗಿನ ಎಲೆ ದಾಟಿ, ಸೊಟ್ಟ ಎಲೆ ಹೊಲಿಯುತ್ತಾ, ಬಳ್ಳಿ ಮುಗಿದಲ್ಲಿ ನಿಂತಿತು. ದೊಡ್ಡಮ್ಮ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು. ಕೈ ತನ್ನ ಹಳೆಯ ಚಾಳಿಯಂತೆ ಎಡಕ್ಕೆ ಹೊರಟಿತು. ಅವಳು ತಡೆದು, ಕನ್ನಡಕ ಮೇಲಕ್ಕೇರಿಸಿ, ಕೊನೆಯ ಎಲೆಯನ್ನು ನೆಟ್ಟಗೆ, ಬಹಳ ನೆಟ್ಟಗೆ ಹಾಕತೊಡಗಿದಳು.