ಕಿಟಕಿಯಲ್ಲಿಟ್ಟ ಎಣ್ಣೆ ಡಬ್ಬ

ಅಮ್ಮ ಊಟದಲ್ಲಿ ತಪ್ಪು ಹುಡುಕುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಇಪ್ಪತ್ತು ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು ಅವಳು. ಬೇರೆಯವರು ಮಾಡಿದ್ದನ್ನು ಬಾಯಿಗಿಡುವ ಮೊದಲೇ ಮೂಗು ಮುರಿಯುತ್ತಿದ್ದಳು. ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಾನು ಕೊಟ್ಟಿದ್ದರಲ್ಲಿ ಎರಡು ಚಮಚ ತಿಂದು, ಏನೂ ಹೇಳದೆ ಬಟ್ಟಲು ಪಕ್ಕಕ್ಕಿಡುತ್ತಿದ್ದಳು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಅದೇ ಮೇಜು, ಅದೇ ಹಬೆ. ದಿನವಿಡೀ ನಿಂತು ಮನೆಗೆ ಬಂದರೆ ಕಾಲು ನನ್ನವೇ ಅಲ್ಲ ಅನ್ನಿಸುತ್ತದೆ. ಗಂಜಿ ಬೇಯಿಸಿ ಅಮ್ಮನ ಮುಂದಿಟ್ಟು, ಒಲೆಯ ಹತ್ತಿರವೇ ನಿಂತು ತಿಂದು, ಮಲಗಿಬಿಡುತ್ತಿದ್ದೆ.

ಮೊದಲೆಲ್ಲ ಅಮ್ಮ ಕೊತ್ತಂಬರಿ ಸೊಪ್ಪು ಉದುರಿಸದೆ ಏನನ್ನೂ ಬಡಿಸಿದವಳಲ್ಲ. "ಸೊಪ್ಪಿಲ್ದೆ ಬಡಿಸೋದೂ ತಲೆ ಬಾಚ್ದೆ ಬೀದಿಗೆ ಹೋಗೋದೂ ಒಂದೇ" ಅನ್ನುತ್ತಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲ. ತಂದ ಕಟ್ಟು ಮಾರನೇ ದಿನಕ್ಕೆ ಕೊಳೆಯುತ್ತಿತ್ತು. ದಿನಾ ನಾಲ್ಕು ಎಲೆ ಚಿವುಟಿ ಹಾಕುವಂತಿದ್ದರೆ ಅವಳು ತಿಂದಾಳು ಅನ್ನಿಸಿತು.

ಮನೆಯಲ್ಲೇ ಸೊಪ್ಪು ಬೆಳೆಸುವುದು ಹೇಗೆ ಎಂದು ಲಾಂಡ್ರಿಯ ಪಕ್ಕದ ಮೇಜಿನ ಅಕ್ಕನನ್ನು ಕೇಳುವುದಕ್ಕೆ ನನಗೆ ಮೂರು ದಿನ ಬೇಕಾಯಿತು.

"ಅಬ್ಬಾ, ಬಾಯಿದೆಯಾ ನಿಂಗೆ!" ಎಂದು ಅವಳು ನಕ್ಕಳು. "ಎಣ್ಣೆ ಡಬ್ಬ ಕತ್ತರ್ಸು, ತಳಕ್ಕೆ ತೂತು ಹಾಕು. ಬೀಜಕ್ಕೆ ಅಂತ ದುಡ್ಡು ದಂಡ ಮಾಡ್ಬೇಡ, ಅಡುಗೆಮನೆ ಕೊತ್ತಂಬರಿ ಬೀಜನೇ ಸಾಕು. ಎರಡು ಹೋಳು ಮಾಡಿ ಹಾಕು. ಹತ್ತು ಹನ್ನೆರಡು ದಿನಕ್ಕೆ ತಲೆ ಎತ್ತುತ್ತೆ."

ಮೊಳೆ ಕಾಯಿಸಿ ಪ್ಲಾಸ್ಟಿಕ್ ಡಬ್ಬಕ್ಕೆ ತೂತು ಹಾಕಿದೆ. ರಸ್ತೆ ಬದಿಯ ಮರದಡಿಯಿಂದ ಮಣ್ಣು ಹೊತ್ತು ತಂದೆ. ಅಮ್ಮನ ಮಸಾಲೆ ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು, ಲಟ್ಟಣಿಗೆಯಿಂದ ಒಡೆದು ಹಾಕಿದೆ. ಬಿಸಿಲು ಬೀಳುವುದು ಅಮ್ಮನ ಕಿಟಕಿಗೆ ಮಾತ್ರ. ಡಬ್ಬ ಅಲ್ಲೇ ಕೂತಿತು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೀರು ಚಿಮುಕಿಸಿ, ಬಗ್ಗಿ ನೋಡುತ್ತಿದ್ದೆ.

"ಬಂತಾ?"

"ಇಲ್ಲಮ್ಮ."

"ನಾಳೆ ನೋಡು." ಆಮೇಲೆ ಕೆಳಗೆ ಬೀದಿ ತೋರಿಸುತ್ತಿದ್ದಳು. "ಎದುರುಮನೆ ಗಡ್ಡದವ್ನು ಇವತ್ತೂ ಛತ್ರಿ ಮರ್ತ. ಈಗ ವಾಪಸ್ ಓಡಿ ಬರ್ತಾನೆ ನೋಡ್ತಿರು."

ಅವನು ಓಡಿ ಬರುವವರೆಗೆ ನಿಂತು ನೋಡಿ, ನಾನು ಹೊರಡುತ್ತಿದ್ದೆ.

ಹನ್ನೆರಡು ದಿನ ಕಳೆಯಿತು, ಇಪ್ಪತ್ತೂ ಕಳೆಯಿತು. ಮಣ್ಣು ಮಣ್ಣಾಗಿಯೇ ಇತ್ತು. ಇಪ್ಪತ್ತೆರಡನೇ ದಿನ ಸಂಜೆ, ಚಪ್ಪಲಿಯನ್ನೂ ಬಿಡದೆ ಹೋಗಿ ಡಬ್ಬ ಎತ್ತಿಕೊಂಡೆ.

"ಎಲ್ಲಿಗೆ?"

"ಬಿಸಾಕ್ತೀನಿ. ನನ್ ಕೈಲಿ ಏನೂ ಹುಟ್ಟಲ್ಲ."

ಅಮ್ಮ ತನ್ನ ಮಡಿಲು ನೋಡಿಕೊಂಡಳು. "ತಪ್ಪು ನಿನ್ ಕೈದಲ್ಲ ಕಣೇ, ಬೀಜದ್ದು. ಅದು ಹುರಿದಿಟ್ಟಿದ್ದು. ಹುಳ ಬೀಳ್ಬಾರ್ದು ಅಂತ ತಂದ ದಿನವೇ ಹುರಿದುಬಿಡ್ತಿದ್ದೆ. ಕ್ಯಾಂಟೀನ್ ಅಭ್ಯಾಸ."

"ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ ನೀರು ಹಾಕ್ದೆಯಲ್ಲ, ಆಗ್ಲೇ. ಘಮ್ ಅಂತ ವಾಸನೆ ಬಂತು."

ನನಗೆ ಅಳು ಬರುವಷ್ಟು ಸಿಟ್ಟು ಬಂತು. "ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು? ಮಣ್ಣು ಹೊತ್ತೋಳು ನಾನು!"

"ಹೇಳಿದ್ರೆ ನೀನು ಆವತ್ತೇ ಬಿಸಾಕ್ತಿದ್ದೆ." ಅಮ್ಮ ಬೀದಿಯತ್ತ ಮುಖ ತಿರುಗಿಸಿದಳು. "ಆಮೇಲೆ ಈ ಕಿಟಕಿ ಹತ್ರ ನೀನ್ಯಾಕೆ ಬರ್ತಿದ್ದೆ?"

ಡಬ್ಬವನ್ನು ಮತ್ತೆ ಇದ್ದಲ್ಲೇ ಇಟ್ಟು ಅಡುಗೆಗೆ ಹೋದೆ.

ಅದೇ ಗಂಜಿ. ಆವತ್ತು ಎರಡೂ ಬಟ್ಟಲು ತಂದು, ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತೆ. ಕೆಳಗೆ ಗಡ್ಡದವನು ಕೆಲಸ ಮುಗಿಸಿ ಬರುತ್ತಿದ್ದ, ಛತ್ರಿಯಿಲ್ಲದೆ. ಇಬ್ಬರೂ ನೋಡಿದೆವು, ನಗುವಷ್ಟು ಶಕ್ತಿ ಇಬ್ಬರಿಗೂ ಇರಲಿಲ್ಲ.

"ನಾಳೆ ಅಂಗಡೀಲಿ ಹಸಿ ಬೀಜ ಕೇಳು," ಎಂದಳು ಅಮ್ಮ. "ಜೋರಾಗಿ ಕೇಳು. ಇಲ್ಲಿ ಕೂತ್ಕೊಂಡು ನಾನೇ ಒಡೆದು ಕೊಡ್ತೀನಿ."

ಎರಡು ಚಮಚ ತಿಂದಳು. ಮೂರನೆಯದನ್ನೂ ತೆಗೆದುಕೊಂಡಳು. ನಾಲ್ಕನೆಯದು ಬಾಯಲ್ಲಿರುವಾಗಲೇ ಮೂಗು ಸೊಟ್ಟಗಾಯಿತು.

"ಇದಕ್ಕೆ ಉಪ್ಪು ಹಾಕಿದ್ದೀಯೋ, ಬರೀ ತೋರ್ಸಿದ್ದೀಯೋ?"

ಕಾಲು ಸಿಡಿಯುತ್ತಿತ್ತು. ಗೋಡೆ ಹಿಡಿದುಕೊಂಡು ಎದ್ದು ಉಪ್ಪು ತರಲು ಹೋದೆ.