ಎರಡು ಅಂದರೆ ಯಾವ ಪೆಟ್ಟಿಗೆ

ನಮ್ಮಪ್ಪನನ್ನು ಕಾಲುವೆಯ ಆಚೆ ದಡದವರೂ ಈಚೆ ದಡದವರೂ ಸ್ಪೀಕರ್ ಏಳಣ್ಣ ಎಂದೇ ಕರೆಯುತ್ತಾರೆ. ಅವರು ಅಜ್ಜಿಯ ಆರನೆಯ ಮಗು, ಅದಕ್ಕೇ ಏಳು. ವಿಯೆಟ್ನಾಮಿನ ದಕ್ಷಿಣದ ನಮ್ಮ ಕಾಯ್ ಬೆ ಕಡೆ ಮನೆಯ ಮೊದಲ ಮಗುವನ್ನು ಎರಡು ಎನ್ನುತ್ತಾರೆ. ಒಂದು ಎನ್ನುವ ಮಗು ಯಾರ ಮನೆಯಲ್ಲೂ ಇರುವುದಿಲ್ಲ. ನಮ್ಮಲ್ಲಿ ಎರಡಣ್ಣ, ಮದುವೆಯಾಗಿ ಹೋದ ಮೂರಕ್ಕ, ನಾಲ್ಕಕ್ಕ, ಆಮೇಲೆ ನಾನು. ಕೊನೆಯವಳಿಗೆ ಸಂಖ್ಯೆ ಕೊಡುವುದಿಲ್ಲವಾದ್ದರಿಂದ ನಾನು ಕಿರಿ.

ಅಪ್ಪ ಜಪಾನಿನಿಂದ ಬರುವ ಹಳೆಯ ಹೋಮ್ ಥಿಯೇಟರ್ ಸೆಟ್ಟುಗಳನ್ನು ತಂದು, ಸರಿಮಾಡಿ ಮಾರುತ್ತಾರೆ. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತೆ. ಬೆಸುಗೆ ಹಾಕುವುದು ನನಗೆ ಬೇಗ ಹತ್ತಿತು. ಗಿರಾಕಿಗಳ ಜೊತೆ ಮಾತಾಡುವುದು ಮಾತ್ರ ಇವತ್ತಿಗೂ ಹತ್ತಿಲ್ಲ.

ಮಾರದೆ ಮನೆಗೇ ಇಟ್ಟುಕೊಂಡ ಸಬ್‌ವೂಫರ್ ಪೆಟ್ಟಿಗೆ ಎರಡಿವೆ. ಅಪ್ಪ ಅವುಗಳನ್ನೂ ಮಕ್ಕಳ ಹಾಗೆಯೇ ಕರೆಯುತ್ತಾರೆ. ಮೊದಲು ಬಂದ ದೊಡ್ಡದು ಎರಡು, ಆಮೇಲೆ ಬಂದದ್ದು ಮೂರು. "ಎರಡಕ್ಕೆ ನೆಗಡಿಯಾಗಿದೆ, ಕೋನ್ ಬದಲಾಯಿಸಬೇಕು" ಎಂದರೆ ನಮಗೆ ಯಾರಿಗೂ ಗೊಂದಲವಾಗುವುದಿಲ್ಲ. ಮೂರು ಇರುವುದು ಪೂರ್ವಿಕರ ಪೂಜೆಯ ಪೀಠದ ಕೆಳಗೆ, ಸರಿಯಾಗಿ ಅಮ್ಮನ ಫೋಟೋದ ಅಡಿಯಲ್ಲಿ. ಮೂಲೆಯಲ್ಲಿಟ್ಟರೆ ಸದ್ದಿಗೆ ತೂಕ ಬರುತ್ತದೆ ಎಂದು ಅಪ್ಪ ಹೇಳುತ್ತಾರೆ. ಅಮ್ಮನಿಗೆ ಹಾಡು ಇಷ್ಟವಿತ್ತು ಎಂಬುದನ್ನು ಹೇಳುವುದಿಲ್ಲ.

ಹೊಸದಾಗಿ ಟೈಲ್ಸ್ ಹಾಸಿದ ನೆಲದ ಮೇಲೆ ಎಳೆದ ವೈರಿಗೆ ಐದತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆ ಎಡವಿ ಬಿದ್ದಳು. ಅವತ್ತಿನಿಂದ ಮನೆಯಲ್ಲಿ ವೈರ್ ಇಲ್ಲದ ವ್ಯವಸ್ಥೆ ಬಂತು. ಆಂಪ್ಲಿಫೈಯರಿನ ಹಿಂದೆ ಒಂದು ಪುಟ್ಟ ಟ್ರಾನ್ಸ್‌ಮಿಟರ್, ಪ್ರತಿ ಪೆಟ್ಟಿಗೆಯ ಹಿಂದೆ ಒಂದು ರಿಸೀವರ್. ರಿಸೀವರಿನ ಗುಂಡಿಯನ್ನು ಒತ್ತಿ ಹಿಡಿದರೆ ಕೆಂಪು ದೀಪ ಮಿಟುಕುತ್ತದೆ. ಅದು ಹತ್ತಿರದ ಟ್ರಾನ್ಸ್‌ಮಿಟರನ್ನು ಹುಡುಕಿಕೊಂಡು ಜೋಡಿಯಾದ ಮೇಲೆ ನೀಲಿಯಾಗಿ ನಿಲ್ಲುತ್ತದೆ. ಕೆಲಸ ಅಷ್ಟೇ.

ನಾಲ್ಕಕ್ಕನನ್ನು ಕೇಳಿಕೊಂಡು ಗಂಡಿನ ಕಡೆಯವರು ಬರುವ ದಿನ ಈ ಕೆಲಸ ಲುವನ್ ಅಣ್ಣನ ಪಾಲಿಗೆ ಬಂತು. ಗಂಡು ಅವನೇ. ಊರು ಉತ್ತರದ ನಾಮ್ ದಿಞ್. ಇಲ್ಲಿ ಮೀನಿನ ಶೀತಲಗೃಹದಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಮದುವೆಯಾದ ಮೇಲೆ ಅಕ್ಕನನ್ನು ಉತ್ತರಕ್ಕೇ ಕರೆದೊಯ್ಯುತ್ತಾನೆ ಎಂಬ ಒಂದೇ ಕಾರಣಕ್ಕೆ ಅಪ್ಪ ಈ ಭೇಟಿಯನ್ನು ಮುಂದೂಡುತ್ತ ಬಂದಿದ್ದರು. ಕೊನೆಗೆ ಬರಲಿ ಎಂದರು, ಒಪ್ಪಿದೆ ಎನ್ನಲಿಲ್ಲ. "ನಿಮ್ಮಮ್ಮನ ಮುಂದೆ ಊದುಬತ್ತಿ ಹಚ್ಚಿ ಹೇಳ್ತೀನಿ. ಆಮೇಲೆ ನೋಡೋಣ" ಎಂದಿದ್ದರು. ಅಕ್ಕ ಹಿಂದಿನ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಬೆಳಿಗ್ಗೆ ಲುವನ್ ಅಣ್ಣ ತಾಯಿಗಿಂತ ಮುಂಚೆಯೇ ಬಂದು, ಕುರ್ಚಿ ಒರೆಸಿ, ಅಂಗಳದಲ್ಲಿ ಚಪ್ಪರದ ಬಟ್ಟೆ ಕಟ್ಟಿದ. ಊಟವಾದ ಮೇಲೆ ಹಾಡಲೆಂದು ಎರಡಣ್ಣ ಆಂಪ್ಲಿಫೈಯರನ್ನೂ ದೊಡ್ಡ ಪೆಟ್ಟಿಗೆಯನ್ನೂ ಅಂಗಳಕ್ಕೆ ಸಾಗಿಸಿದ್ದ. ಅಪ್ಪ ಬಾತುಕೋಳಿ ತರಲು ಪೇಟೆಗೆ ಹೋದವರು ಅಲ್ಲಿಂದಲೇ ಲುವನ್ ಅಣ್ಣನಿಗೆ ಫೋನ್ ಮಾಡಿದರು. ಅವರು ಹೇಳಿದ್ದೇನೆಂದು ನನಗೆ ಆಮೇಲಷ್ಟೇ ತಿಳಿಯಿತು.

"ಲುವನ್, ಎರಡನ್ನ ಜೋಡಿಸಿಡು. ಮೂರನ್ನ ಮುಟ್ಟಬೇಡ. ತಿಳೀತಾ?"

"ತಿಳೀತ್ರಿ ಕಾಕಾ."

ಫೋನ್ ಇಟ್ಟು ಅವನು ಅಂಗಳದ ಪೆಟ್ಟಿಗೆ ನೋಡಿದ, ಒಳಗೆ ಬಂದು ಪೀಠದ ಕೆಳಗಿನದನ್ನು ನೋಡಿದ. ಅಡುಗೆಮನೆಗೂ ಒಮ್ಮೆ ಇಣುಕಿದ, ಮಂಚದ ಅಡಿಗೂ ಬಗ್ಗಿದ. ಬಾಯಿ ತೆರೆದವನು ಏನೂ ಕೇಳದೆ ಮುಚ್ಚಿಕೊಂಡ. ಕೊನೆಗೆ ಪೀಠದ ಬಳಿ ಮಂಡಿಯೂರಿ ರಿಸೀವರಿನ ಗುಂಡಿ ಒತ್ತಿದ. ಕೋಸಂಬರಿಗೆ ಬಾಳೆಹೂ ಹೆಚ್ಚುತ್ತಿದ್ದ ನಾನು, ಅಪ್ಪ ಒಳಗೂ ಹಾಡು ಕೇಳಲಿ ಎಂದಿರಬೇಕು ಅಂದುಕೊಂಡು ಸುಮ್ಮನಾದೆ.

ಹೊತ್ತೇರುವಷ್ಟರಲ್ಲಿ ಅಪ್ಪ ಪೇಟೆಯಿಂದ ಬಂದರು, ಅವನ ತಾಯಿಯೂ ದೋಣಿ ಇಳಿದರು. ಕೆಂಪು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಎಲೆ, ಅಡಿಕೆ, ಚಹಾಪುಡಿ ತಂದಿದ್ದರು. ಎರಡು ದಿನ ರೈಲಿನಲ್ಲಿ ಕೂತು ಬಂದ ಹೆಂಗಸು. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಬಿಗಿಯುತ್ತಿತ್ತು.

"ಇಷ್ಟು ದೂರ ಬಂದ್ರಲ್ಲ, ಸುಸ್ತಾಯ್ತೇನೋ" ಎಂದಳು ಐದತ್ತೆ.

"ಸುಸ್ತ್ ಏನ್ ಬಂತ್ರಿ ಅಕ್ಕಾರ, ಸೊಸಿ ಸಿಕ್ರ ಎಲ್ಲಾ ಇಳೀತದ" ಎಂದರು ಅವರು.

"ಸೊಸೆ ಅಂತ ಈಗಲೇ ಅನ್ನಬೇಡಿ. ನಮ್ಮ ತಮ್ಮನ ಬಾಯಿಂದ ಹೌದು ಅನ್ನಿಸೋದು ಎಮ್ಮೆ ಹತ್ರ ಹಾಡು ಹೇಳಿಸಿದ ಹಾಗೆ."

ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ತಟ್ಟೆಯನ್ನು ಪೀಠದ ಮೇಲಿಟ್ಟು, ಮೂರು ಊದುಬತ್ತಿ ಹಚ್ಚಿ ಹಣೆಯ ಹತ್ತಿರ ಹಿಡಿದುಕೊಂಡರು. ಅವರ ಹಿಂದೆ ನಾವೆಲ್ಲ ಕೈಮುಗಿದು ನಿಂತೆವು. ಎರಡಣ್ಣ ಮಾತ್ರ ಅಂಗಳದಲ್ಲಿದ್ದ.

"ಇವಳೇ," ಎಂದರು ಅಪ್ಪ ಅಮ್ಮನ ಫೋಟೋಗೆ. "ನಾಲ್ಕನ್ನ ಕೇಳ್ಕೊಂಡು ಬಂದಿದ್ದಾರೆ. ಹುಡುಗ ಕೆಲಸಗಾರ. ಆದ್ರೆ ದೂರ. ನೀನೇನಂತೀಯ..."

ಢಬ್.

ಪೀಠ ನಡುಗಿತು. ಮತ್ತೆ ಢಬ್, ಢಬ್. ಊದುಬತ್ತಿಯ ಬೂದಿ ಅಪ್ಪನ ಕೈಮೇಲೆ ಉದುರಿತು. ಹಣ್ಣಿನ ರಾಶಿಯಿಂದ ಒಂದು ಸೀತಾಫಲ ಉರುಳಿ ನೆಲಕ್ಕೆ ಬಿತ್ತು. ಅಮ್ಮನ ಫೋಟೋ ಅದರ ಸ್ಟ್ಯಾಂಡಿನಿಂದ ಜಾರಿ ಮುಖ ಕೆಳಗಾಗಿ ಬಿತ್ತು.

ಐದತ್ತೆ ಫೋಟೋ ಎತ್ತಿ ಅಂಗಿಯ ತುದಿಯಿಂದ ಒರೆಸಿದಳು.

"ಏಳೂ, ನಿನ್ನ ಹೆಂಡತಿ ಮುಖ ತಿರುಗಿಸಿಬಿಟ್ಟಳಲ್ಲೋ" ಎಂದಳು.

ಅಪ್ಪ ಊದುಬತ್ತಿಯನ್ನು ಬೂದಿಯ ಬಟ್ಟಲಿಗೆ ಚುಚ್ಚಿದರು. ತಿರುಗಿ ನೋಡದೆಯೇ ಹೇಳಿದರು: "ಊಟ ಮಾಡ್ಕೊಂಡು ಹೋಗಿ. ಇವತ್ತು ಈ ಮಾತು ಬೇಡ."

"ಇವತ್ತ್ ಬ್ಯಾಡ ಅಂದ್ರ, ಎಂದ್ರಿ?" ಎಂದರು ಲುವನ್ ಅಣ್ಣನ ತಾಯಿ.

ನಮ್ಮ ಮನೆಯಲ್ಲಿ ಇವತ್ತು ಬೇಡ ಅಂದರೆ ಎಂದೂ ಬೇಡ ಎಂದರ್ಥ. ಅಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಬಟ್ಟಲುಗಳನ್ನೇ ಮತ್ತೆ ತೊಳೆಯಲು ಕೂತಳು. ಲುವನ್ ಅಣ್ಣ ಗೋಡೆಗೆ ಒರಗಿ, ಬಿದ್ದ ಸೀತಾಫಲವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚುತ್ತಿರಲಿಲ್ಲ.

ನಾನು ಪೀಠದ ಕೆಳಗೆ ನೋಡಿದೆ. ಮೂರರ ದೀಪ ನೀಲಿಯಾಗಿತ್ತು. ಅಂಗಳಕ್ಕೆ ಹೋಗಿ ನೋಡಿದರೆ ದೊಡ್ಡ ಪೆಟ್ಟಿಗೆಯ ದೀಪ ಕೆಂಪಗೆ ಮಿಟುಕುತ್ತಿತ್ತು. ಎರಡಣ್ಣ ಮೈಕ್ ಹಿಡಿದುಕೊಂಡು ಆಂಪ್ಲಿಫೈಯರನ್ನು ಗುರಾಯಿಸುತ್ತಿದ್ದ.

"ಕಿರೀ, ಈ ಎರಡಕ್ಕೆ ಏನಾಗಿದೆಯೇ? ಆಗಿಂದ ಮೈಕ್ ತಟ್ತಾ ಇದೀನಿ, ಮೂಗನ ಹಾಗೆ ಕೂತಿದೆ."

ನನಗೆ ಎಲ್ಲ ತಿಳಿಯಿತು. ತಿಳಿದಿದ್ದನ್ನು ಅಷ್ಟು ಜನರ ಮುಂದೆ ಹೇಳಬೇಕು ಎನ್ನುವುದೂ ತಿಳಿಯಿತು.

"ಅಣ್ಣಾ, ನಾನು ಒಳಗೆ ಹೋದ ಮೇಲೆ ಇನ್ನೊಂದ್ಸಲ ತಟ್ಟು."

"ಒಳಗ್ಯಾಕೆ ಸದ್ದೇ ಇಲ್ಲ? ಒಪ್ಕೊಂಡ್ರಾ?"

"ತಟ್ಟು, ಅಷ್ಟೇ. ಜೋರಾಗಿ."

ನಾನು ಹೊಸಿಲು ದಾಟುವುದಕ್ಕೂ ಪೀಠದ ಕೆಳಗೆ ಢಬ್ ಢಬ್ ಎನ್ನುವುದಕ್ಕೂ ಸರಿಹೋಯಿತು. ಐದತ್ತೆ ಚೀರಿ ಫೋಟೋವನ್ನು ಎದೆಗವಚಿಕೊಂಡಳು.

"ಅದು ಅಮ್ಮ ಅಲ್ಲ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಅದು ಅಮ್ಮ ಅಲ್ಲ. ಎರಡಣ್ಣ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ನೆಲ ನೋಡುತ್ತ ಒಂದೇ ಉಸಿರಿಗೆ ಮುಗಿಸಿದೆ. "ಅಂಗಳದ ಮೈಕಿಗೆ ಮೂರು ಜೋಡಿಯಾಗಿದೆ. ಅಣ್ಣ ತಟ್ಟಿದ್ದು ಇಲ್ಲಿ ಬಡೀತಿದೆ."

ಅಪ್ಪ ಲುವನ್ ಅಣ್ಣನ ಕಡೆ ತಿರುಗಿದರು. "ಎರಡನ್ನ ಜೋಡಿಸು ಅಂದಿದ್ದೆನಲ್ಲೋ?"

"ಎರಡನೇದನ್ನ ಜೋಡಿಸೀನ್ರಿ ಕಾಕಾ. ಆಮ್ಯಾಲ ತಂದದ್ದು ಇದs ಅಲ್ಲೇನ್ರಿ?"

"ಇದು ಮೂರು! ಮುಟ್ಟಬೇಡ ಅಂದಿದ್ದೆ."

"ಮೂರನೇದನ್ನ ಹುಡುಕಿದ್ನಿರಿ. ಮಂಚದ ಬುಡಕೂ ನೋಡಿದ್ನಿ. ಇರಲೇ ಇಲ್ಲ. ಹಂಗಾಗಿ ಮುಟ್ಟಲಿಲ್ರಿ."

ಬಾಗಿಲಲ್ಲಿ ಬಂದು ನಿಂತಿದ್ದ ಎರಡಣ್ಣ ನಗು ತಡೆಯಲಾಗದೆ ಮೈಕಿನೊಳಗೇ ನಕ್ಕ. ಮೂರು ಗುಡುಗಿತು. "ಆರಿಸೋ ಅದನ್ನ!" ಎಂದು ಅತ್ತೆ ಕೂಗಿದಳು.

"ನಮ್ಮ ಕಡೆ ಹಿರೇ ಮಗನ್ನ ದೊಡ್ಡಾಂವ ಅಂತೀವ್ರಿ," ಎಂದರು ಲುವನ್ ಅಣ್ಣನ ತಾಯಿ. "ಅವನ ಬೆನ್ನಿಗೆ ಹುಟ್ಟಿದಾಂವ ಎರಡು."

"ಎರಡು ವರ್ಷದಿಂದ ಇಲ್ಲೇ ಇದಾನಲ್ಲ. ಗೊತ್ತಾಗಲಿಲ್ವಾ?" ಎಂದಳು ಐದತ್ತೆ.

"ಮನಶ್ಯಾರಿಗೆ ಹಂಗ ಅಂತ ಗೊತ್ತಿತ್ರಿ," ಎಂದ ಲುವನ್ ಅಣ್ಣ. "ಡಬ್ಬಿಗೂ ಹಂಗs ಅಂತ ಗೊತ್ತಿರಲಿಲ್ರಿ."

"ಕೇಳೋಕೇನಾಗಿತ್ತು ಬಾಯಿಗೆ?" ಎಂದರು ಅಪ್ಪ.

ಅವನು ಸೀತಾಫಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ಹೆಣ್ಣ್ ಕೇಳಾಕ ಬಂದ ದಿನ ಮಾವ ಆಗೋರ ಮಾತು ತಿಳೀಲಿಲ್ಲ ಅಂತ ಹೆಂಗ ಅನ್ನೂದ್ರಿ?"

ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಐದತ್ತೆ ಮಾತ್ರ ಬಿಡಲಿಲ್ಲ. "ಪೆಟ್ಟಿಗೆ ಬಡಿದಿದ್ದು ಸರಿ. ಆದ್ರೆ ನೀನು ಏನಂತೀಯ ಅಂತ ಕೇಳಿದ ಗಳಿಗೆಗೇ ಯಾಕೆ ಬಡೀಬೇಕು? ಅವಳ ಫೋಟೋನೇ ಯಾಕೆ ಬೀಳಬೇಕು? ಕಾಸು ಹಾಕು. ಅವಳೇ ಹೇಳಲಿ."

ಅಮ್ಮ ಏನೆಂದರೂ ಇನ್ನು ಅದೇ ಕೊನೆ ಎಂದು ಅಪ್ಪನ ತಲೆ ಆಡಿದ ರೀತಿಯಲ್ಲೇ ಗೊತ್ತಾಯಿತು. ಒಂದು ಬದಿಗೆ ಸುಣ್ಣ ಹಚ್ಚಿದ ಹಳೆಯ ಕಾಸು ಎರಡನ್ನು ಐದತ್ತೆ ಪೀಠದ ಸೆಳೆಖಾನೆಯಿಂದ ತೆಗೆದಳು. ತಟ್ಟೆಯಲ್ಲಿ ಒಂದು ಬಿಳಿ, ಒಂದು ಕಪ್ಪು ಬಿದ್ದರೆ ಹೌದು. ಎರಡೂ ಒಂದೇ ಬಣ್ಣ ಬಿದ್ದರೆ ಅಲ್ಲ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಪೀಠದ ಮುಂದೆ ನೆಲದ ಮೇಲೆ ಕಾಸಿನ ತಟ್ಟೆ ಇಡಲು ಜಾಗ ಬೇಕಿತ್ತು. ನಾನು ಬಗ್ಗಿ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ಸರಿಸಿದೆ, ಮತ್ತೇನೂ ಎಡವಟ್ಟಾಗದಿರಲಿ ಎಂದು ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ಮೇಲೇಳಲು ಜಾಗವಿಲ್ಲದೆ ಪ್ಲಗ್ ಹಿಡಿದುಕೊಂಡೇ ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತೆ.

ಅಪ್ಪ ಹೊಸ ಊದುಬತ್ತಿ ಹಚ್ಚಿದರು. ಮನಸ್ಸಿನಲ್ಲೇ ಏನೋ ಹೇಳಿಕೊಂಡು, ಕಾಸುಗಳನ್ನು ಅಂಗೈಯಲ್ಲಿ ಅಲ್ಲಾಡಿಸಿ ಹಾಕಿದರು. ಒಂದು ಥಟ್ಟನೆ ಬಿದ್ದು ಕಪ್ಪಾಗಿ ನಿಂತಿತು. ಇನ್ನೊಂದು ತಟ್ಟೆಯ ಅಂಚಿನಲ್ಲಿ ಸುತ್ತು ಹಾಕಿ, ಹಾಕಿ, ಅದೂ ಕಪ್ಪಾಗಿ ಮಲಗಿತು.

ಐದತ್ತೆ ಕಣ್ಣು ಮುಚ್ಚಿಕೊಂಡಳು. ಲುವನ್ ಅಣ್ಣನ ತಾಯಿ ಎದ್ದು, ಬಿಗಿಯುತ್ತಿದ್ದ ಚಪ್ಪಲಿ ಎಲ್ಲಿದೆ ಎಂದು ನೋಡತೊಡಗಿದರು. ಅಕ್ಕ ಅಳಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ ನಿಂತಳು, ಅಷ್ಟೇ. ಅಪ್ಪ ಅವಳನ್ನೇ ನೋಡುತ್ತಿದ್ದರು. ಅವಳನ್ನು ಅಷ್ಟು ಹೊತ್ತು ಅವರು ನೋಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಇದು ಲೆಕ್ಕಕ್ಕಿಲ್ಲ" ಎಂದರು ಅಪ್ಪ.

"ಯಾಕೋ?"

"ಆ ಪೆಟ್ಟಿಗೆ ಇನ್ನೂ ಆನ್ ಇದೆ ಅಕ್ಕಾ. ಗುಂಯ್ ಅಂತ ನಡುಗ್ತಾ ಇದೆ. ತಟ್ಟೆ ಅಲ್ಲಾಡಿತು, ಕಾಸು ಮಗುಚಿತು. ನಲವತ್ತು ವರ್ಷದಿಂದ ಸ್ಪೀಕರ್ ರಿಪೇರಿ ಮಾಡ್ತಿದೀನಿ, ನನಗೆ ಗೊತ್ತಾಗಲ್ವಾ?"

ಹೇಳುತ್ತ ಅವರು ಕೆಳಗೆ ನೋಡಿದರು. ನಾನೂ, ನನ್ನ ಕೈಯಲ್ಲಿದ್ದ ಪ್ಲಗ್ಗೂ ಅವರ ಕಾಲ ಬಳಿಯೇ ಇದ್ದೆವು. ಅಪ್ಪನ ಕಣ್ಣು ಪ್ಲಗ್ಗಿನ ಮೇಲೆ ನಿಂತಿತು, ಆಮೇಲೆ ನನ್ನ ಮೇಲೆ.

"ಅಲ್ವೇನೇ ಕಿರೀ?"

"ಹೂಂ ಅಪ್ಪ," ಎಂದೆ. "ಇನ್ನೂ ನಡುಗ್ತಿದೆ." ಪ್ಲಗ್ಗನ್ನು ಲಂಗದ ನೆರಿಗೆಯೊಳಗೆ ಸರಿಸಿಕೊಂಡೆ.

ಅಪ್ಪ ಬಗ್ಗಿ ಪೆಟ್ಟಿಗೆಯ ಹಿಂದೆ ಕೈಹಾಕಿ, ಸ್ವಿಚ್ಚನ್ನು ಎಲ್ಲರಿಗೂ ಕೇಳುವ ಹಾಗೆ ಟಕ್ಕೆಂದು ಒತ್ತಿದರು. "ಈಗ ಸರಿ."

ಎರಡನೆಯ ಸಲ ಅವರು ಕಾಸುಗಳನ್ನು ಅಲ್ಲಾಡಿಸಲೂ ಇಲ್ಲ, ತಟ್ಟೆಯ ಹತ್ತಿರ ಕೈ ತಂದು ಮೆಲ್ಲಗೆ ಬಿಟ್ಟರು. ಒಂದು ಬಿಳಿ, ಒಂದು ಕಪ್ಪು. ಐದತ್ತೆ ಬಗ್ಗಿ ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು.

"ಹೌದು ಅಂತಿದ್ದಾಳೆ" ಎಂದಳು, ಫೋಟೋವನ್ನು ಅದರ ಜಾಗದಲ್ಲಿ ನಿಲ್ಲಿಸುತ್ತ.

ಲುವನ್ ಅಣ್ಣನ ತಾಯಿ ಮತ್ತೆ ಕೂತು ಬೆವರು ಒರೆಸಿಕೊಂಡರು. "ನಮ್ಮ ಲೆಕ್ಕದಾಗ ಹುಡುಗಿ ಮೂರನೇದಾಕಿ ಆಗ್ತಾಳ್ರಿ. ಆಕೀನ್ನ ಏನಂತ ಕರೀಲಿ?"

"ನಾಲ್ಕು ಅಂತಲೇ ಕರೀರಿ," ಎಂದರು ಅಪ್ಪ. "ಅಲ್ಲೂ ನಾಲ್ಕು ಅಂತಲೇ ಕರೀರಿ. ಏ ಕಿರೀ, ಎದ್ದು ಊಟಕ್ಕೆ ಹಾಕೇ. ಬಾತುಕೋಳಿ ಆರ್ತಾ ಇದೆ."